ಅಜ್ಜನ ಟಿ.ಸಿ.ಯಿಂದ ವಿದುರಾಶ್ವತ್ಥಕ್ಕೆ

ಮಕ್ಕಳಿಗೆ ಇತಿಹಾಸ ಹೇಗೆ ಕಲಿಸಬೇಕು ಎಂಬ ಚರ್ಚೆ ನಮ್ಮಲ್ಲಿ ಶುರುವಾಗುವುದೇ ಪಠ್ಯಪುಸ್ತಕದ ಜಗಳದಿಂದ. ಯಾವ ರಾಜನಿಗೆ ಎಷ್ಟು ಪುಟ, ಯಾರ ಪಾಠ ಬಿಟ್ಟರು, ಯಾರದನ್ನು ಸೇರಿಸಿದರು. 2022ರ ಪಠ್ಯ ಪರಿಷ್ಕರಣೆ ಎಬ್ಬಿಸಿದ ಗದ್ದಲ ಎಲ್ಲರಿಗೂ ನೆನಪಿದೆ. ಆ ಜಗಳ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಜಗಳವಾಡುವ ಎರಡೂ ಕಡೆಯವರು ಒಂದು ಮಾತನ್ನು ಒಪ್ಪಿಕೊಂಡಂತಿದೆ: ಇತಿಹಾಸವೆಂದರೆ ದೊಡ್ಡವರು ತೀರ್ಮಾನಿಸಿ ಮಗುವಿನ ಕೈಗಿಡುವ ಸಿದ್ಧ ಕಥೆ. ನನ್ನ ತಕರಾರು ಇರುವುದು ಈ ಒಪ್ಪಂದದ ಬಗ್ಗೆ. ಪ್ರಾಥಮಿಕ ಶಾಲೆಯಲ್ಲಿ ಕಲಿಸಬೇಕಾದದ್ದು ಕಥೆಗಿಂತ ಮೊದಲು ಒಂದು ಪ್ರಶ್ನೆ: 'ಇದು ನಮಗೆ ಹೇಗೆ ಗೊತ್ತು?'

ಸಂಶೋಧನೆಯ ಕೆಲಸಕ್ಕಾಗಿ ಮಂಚೇನಹಳ್ಳಿ, ಗೌರಿಬಿದನೂರು ಕಡೆ ಓಡಾಡುವಾಗ ಶಾಲೆಗಳಲ್ಲಿ ಮಕ್ಕಳ ಜೊತೆ ಮಾತಾಡುವ ಅವಕಾಶ ಸಿಗುತ್ತದೆ. ನಾಲ್ಕನೇ ತರಗತಿಯ ಮಕ್ಕಳಿಗೆ ಟಿಪ್ಪು, ಗಾಂಧಿ, ಅಶೋಕ ಮೂವರ ಹೆಸರೂ ಗೊತ್ತು. ಯಾರು ಮೊದಲು, ಯಾರು ಆಮೇಲೆ ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರ ಲೆಕ್ಕದಲ್ಲಿ ಮೂವರೂ 'ಬಹಳ ಹಿಂದೆ' ಎಂಬ ಒಂದೇ ಬೀದಿಯಲ್ಲಿ ವಾಸವಾಗಿದ್ದವರು. ಇದು ಮಕ್ಕಳ ದಡ್ಡತನವಲ್ಲ. ಇಸವಿ ಎನ್ನುವುದು ಅವರಿಗೆ ಬರೀ ನಾಲ್ಕು ಅಂಕಿ. ಅದರ ದೂರವನ್ನು ಯಾರೂ ತೋರಿಸಿಲ್ಲ.

ದೂರ ತೋರಿಸಲು ಒಂದು ಹಗ್ಗ ಸಾಕು. ಒಂದು ವರ್ಷಕ್ಕೆ ಒಂದು ಗೇಣು ಎಂದಿಟ್ಟುಕೊಳ್ಳಿ. ಒಂಬತ್ತು ವರ್ಷದ ಮಗುವಿನ ಬದುಕು 9 ಗೇಣು, ಸುಮಾರು 2 ಮೀಟರ್. ಸ್ವಾತಂತ್ರ್ಯ ಬಂದದ್ದು ಹದಿನೇಳು ಹದಿನೆಂಟು ಮೀಟರ್ ಆಚೆ, ಅಂದರೆ ಶಾಲೆಯ ಅಂಗಳದೊಳಗೇ. 1799ರಲ್ಲಿ ತೀರಿಕೊಂಡ ಟಿಪ್ಪುವನ್ನು ಮುಟ್ಟಲು 50 ಮೀಟರ್ ನಡೆಯಬೇಕು. ಒಂಬತ್ತನೇ ಶತಮಾನದಷ್ಟು ಹಳೆಯದಾದ ನಂದಿಯ ಭೋಗನಂದೀಶ್ವರ ದೇವಸ್ಥಾನದ ಆರಂಭಕ್ಕೆ ಸುಮಾರು 270 ಮೀಟರ್. ಅಶೋಕನ ಹತ್ತಿರ ಹೋಗಬೇಕಾದರೆ ಅರ್ಧ ಕಿಲೋಮೀಟರ್, ಊರೇ ದಾಟಿದರೂ ದಾಟೀತು. ಒಮ್ಮೆ ಹೀಗೆ ಕಾಲಲ್ಲಿ ನಡೆದ ಮಗು ಅಶೋಕನನ್ನೂ ಗಾಂಧಿಯನ್ನೂ ಒಂದೇ ಬೀದಿಯಲ್ಲಿ ಇಡುವುದಿಲ್ಲ.

ಎರಡನೆಯ ಪಾಠ ಮನೆಯ ಟ್ರಂಕಿನಲ್ಲಿದೆ. ಈಗಿನ ಮಗುವಿನ ವಿಳಾಸ ಚಿಕ್ಕಬಳ್ಳಾಪುರ ಜಿಲ್ಲೆ, ಮಂಚೇನಹಳ್ಳಿ ತಾಲ್ಲೂಕು, ಕರ್ನಾಟಕ. ಅಪ್ಪನ ಶಾಲೆಯ ಟಿ.ಸಿ. ತೆಗೆದು ನೋಡಿದರೆ ಕೋಲಾರ ಜಿಲ್ಲೆ, ಗೌರಿಬಿದನೂರು ತಾಲ್ಲೂಕು ಎಂದಿರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ, ಮಂಚೇನಹಳ್ಳಿ ತಾಲ್ಲೂಕಾದದ್ದು ಅದಕ್ಕೂ ಈಚೆಗೆ. ಅಜ್ಜನ ಕಾಗದವಾದರೆ ರಾಜ್ಯದ ಹೆಸರೇ ಬೇರೆ: ಮೈಸೂರು. 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಯಾರೂ ಊರು ಬಿಟ್ಟಿಲ್ಲ, ಮನೆ ಬದಲಿಸಿಲ್ಲ, ಆದರೂ ಮೂರು ತಲೆಮಾರಿಗೆ ಮೂರು ವಿಳಾಸ. ಗಡಿಗಳನ್ನು ಮನುಷ್ಯರು ಎಳೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಎಳೆಯುತ್ತಾರೆ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವ ಪಾಠ ನನಗೆ ಗೊತ್ತಿಲ್ಲ.

ಇಲ್ಲೊಂದು ತೊಡಕಿದೆ. ಎಲ್ಲರ ಮನೆಯಲ್ಲೂ ಟ್ರಂಕಿನಲ್ಲಿ ಕಾಗದವಿರುವುದಿಲ್ಲ. ಶಾಲೆ ಕಾಣದ ಅಜ್ಜಿಗೆ ಟಿ.ಸಿ. ಇಲ್ಲ, ಭೂಮಿಯಿಲ್ಲದ ಮನೆಗೆ ಪಹಣಿ ಇಲ್ಲ. 'ಕಾಗದ ತನ್ನಿ' ಎಂದಾಗ ತರಗತಿಯ ಕೆಲವು ಮಕ್ಕಳು ಬರಿಗೈಯಲ್ಲಿ ಬರುತ್ತಾರೆ, ಆ ಮಕ್ಕಳು ಹೆಚ್ಚಾಗಿ ಯಾವ ಕೇರಿಯವರು ಎಂಬುದು ಮೇಷ್ಟ್ರಿಗೂ ಗೊತ್ತು. ಹಾಗಾಗಿ ಕಾಗದದ ಜೊತೆಯಲ್ಲೇ ಮಾತನ್ನೂ ದಾಖಲೆಯಾಗಿ ಒಪ್ಪಬೇಕು. ಬಾವಿ ತೋಡಿದ್ದು ಯಾರು, ಬರಗಾಲದಲ್ಲಿ ಏನು ತಿಂದರು, ಯಾವ ದಾರಿಯಲ್ಲಿ ಕೂಲಿಗೆ ಹೋದರು ಎಂದು ಅಜ್ಜಿಯನ್ನು ಕೇಳಿ ಬರಲಿ. ಈ ಸೀಮೆಯ ಅನೇಕ ಮನೆಗಳಲ್ಲಿ ಅಜ್ಜಿ ಹೇಳುವುದು ತೆಲುಗಿನಲ್ಲಿ, ಮಗು ಬರೆಯುವುದು ಕನ್ನಡದಲ್ಲಿ. ಅದೂ ಇತಿಹಾಸಕಾರರು ಮಾಡುವ ಕೆಲಸವೇ. ಕೆಲವರ ಹೆಸರು ಯಾಕೆ ಯಾವ ಕಾಗದದಲ್ಲೂ ಇಲ್ಲ ಎಂಬ ಪ್ರಶ್ನೆ ಆ ವಯಸ್ಸಿನಲ್ಲೇ ಎದ್ದರೆ ಒಳ್ಳೆಯದು. ಪಠ್ಯಪುಸ್ತಕ ಓದುವಾಗಲೂ ಅದು ಜೊತೆಗಿರುತ್ತದೆ.

ಮೂರನೆಯದು ಕಲ್ಲು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಆಗಿನ ಕೋಲಾರ ಜಿಲ್ಲೆಯದು, 1905ರಲ್ಲಿ ಪ್ರಕಟವಾಯಿತು. ತಾಲ್ಲೂಕುವಾರು, ಊರುವಾರು ಶಾಸನಗಳ ಪಾಠ ಅದರಲ್ಲಿದೆ. ಗೌರಿಬಿದನೂರು ತಾಲ್ಲೂಕಿನ ಶಾಸನಗಳೂ ಇವೆ. ನಮ್ಮೂರ ಹೆಸರು ಅದರಲ್ಲಿದೆಯೇ ಎಂದು ಹುಡುಕುವುದೇ ಮಕ್ಕಳಿಗೆ ಒಂದು ಹಬ್ಬ. ಅಕ್ಷರ ಓದಲಾಗದ ಮಕ್ಕಳೂ ವೀರಗಲ್ಲನ್ನು ಓದಬಲ್ಲರು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ತುರುಗೋಳಿನಲ್ಲಿ ಊರ ದನ ಉಳಿಸಲು ಹೋಗಿ ಸತ್ತವನಿಗೂ ಊರು ಕಲ್ಲು ನಿಲ್ಲಿಸುತ್ತಿತ್ತು. ಇತಿಹಾಸದಲ್ಲಿ ಇರುವುದು ರಾಜರು ಮಾತ್ರವಲ್ಲ ಎಂದು ಮೇಷ್ಟ್ರು ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಇಷ್ಟಾದ ಮೇಲೆ, ಐದನೇ ತರಗತಿಗೆ ಬಂದ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದೊಯ್ಯಬಹುದು. ಅಲ್ಲಿ ಎರಡು ಬಗೆಯ ಹಿಂದಿನ ಕಾಲ ಒಂದೇ ಜಾಗದಲ್ಲಿವೆ. ಅಶ್ವತ್ಥ ಮರವನ್ನು ಮಹಾಭಾರತದ ವಿದುರನೇ ನೆಟ್ಟ ಎಂಬುದು ಜನರ ನಂಬಿಕೆ, ಊರಿನ ಹೆಸರೇ ಅದನ್ನು ಹೇಳುತ್ತದೆ. 1938ರ ಏಪ್ರಿಲ್ 25ರಂದು ತ್ರಿವರ್ಣ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು ಎಂಬುದು ದಾಖಲಾದ ಘಟನೆ. ನಂಬಿಕೆಯನ್ನು ಗೇಲಿ ಮಾಡದೆ, ಎರಡನ್ನೂ ಕಲಸದೆ, ಇದು ಹೀಗೆ ಗೊತ್ತು, ಅದು ಹಾಗೆ ಗೊತ್ತು ಎಂದು ಬಿಡಿಸಿ ಹೇಳಬಹುದು. ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬದುಕಿಡೀ ಕೇಳಿದ್ದು, ಪ್ರಶ್ನಿಸುವ ಅಭ್ಯಾಸವನ್ನು ಬಿಡಬೇಡಿ ಎಂದು.

ಅಲ್ಲಿ ಸತ್ತವರೆಷ್ಟು? ಕೆಲವೆಡೆ 32 ಎಂದಿದೆ, ಕೆಲವೆಡೆ 35. ಆಗಿನ ಸರ್ಕಾರ ಹೇಳಿದ್ದು ಇನ್ನೂ ಕಡಿಮೆ. ಪರೀಕ್ಷೆಗೆ ಒಂದೇ ಉತ್ತರ ಬೇಕು, ಆದ್ದರಿಂದ ನಾವು ಒಂದು ಅಂಕಿ ಆರಿಸಿ ಉರು ಹೊಡೆಸುತ್ತೇವೆ. ನನ್ನ ಪ್ರಕಾರ ಪಾಠ ಇರುವುದು ಆ ಅಂಕಿಗಳ ನಡುವಿನ ಅಂತರದಲ್ಲಿ. ಎಣಿಸಿದವರು ಯಾರು? ಕಡಿಮೆ ಹೇಳಿದರೆ ಯಾರಿಗೆ ಅನುಕೂಲ? ಗಾಯಗೊಂಡು ಮನೆಗೆ ಹೋಗಿ ಆಮೇಲೆ ಸತ್ತವರು ಲೆಕ್ಕದಲ್ಲಿದ್ದಾರೆಯೇ? ಹತ್ತು ವರ್ಷದ ಮಗುವಿಗೆ ಇಷ್ಟು ಕೇಳುವ ಬುದ್ಧಿ ಇದೆ. ರಕ್ತದ ವರ್ಣನೆ ಬೇಡ. ಗಾಂಧೀಜಿ ವಲ್ಲಭಭಾಯಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳುಹಿಸಿದ್ದು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಒಪ್ಪಂದವಾಗಿ ಧ್ವಜ ಹಾರಿಸಲು ಅವಕಾಶ ಸಿಕ್ಕಿದ್ದು, ಇವನ್ನು ಹೇಳಿದರೆ ಮುಂದೇನಾಯಿತು ಎಂಬುದೂ ತಿಳಿಯುತ್ತದೆ.

ಇದೆಲ್ಲ ಆಗುವ ಮಾತೇ ಎಂದು ಶಿಕ್ಷಕರು ಕೇಳುತ್ತಾರೆ, ಕೇಳಬೇಕಾದದ್ದೇ. ಐದು ತರಗತಿಗೆ ಇಬ್ಬರೇ ಇರುವ ಶಾಲೆಯಲ್ಲಿ ಪಾಠ ಮುಗಿಸುವುದೇ ಕಷ್ಟ. ಆದರೆ ನಮ್ಮಲ್ಲಿ ಇತಿಹಾಸ ಪ್ರತ್ಯೇಕ ಪಾಠವಾಗುವುದು ಆರನೇ ತರಗತಿಯ ಸಮಾಜ ವಿಜ್ಞಾನದಲ್ಲಿ. ಅಲ್ಲಿಯವರೆಗೆ ಇರುವ ಪರಿಸರ ಅಧ್ಯಯನದಲ್ಲಿ ಮನೆ, ಊರು, ನೀರು, ಕಸುಬು ಎಂಬ ವಿಷಯಗಳು ಈಗಾಗಲೇ ಇವೆ. ಹೊಸ ಪುಸ್ತಕ ಬೇಡ, ಹಗ್ಗ, ಟ್ರಂಕು, ಕಲ್ಲು, ಅಜ್ಜಿ ಸಾಕು. ಮಧ್ಯಪ್ರದೇಶದಲ್ಲಿ ಏಕಲವ್ಯ ಸಂಸ್ಥೆಯವರು ಎಂಬತ್ತರ ದಶಕದಲ್ಲೇ ಸರ್ಕಾರಿ ಶಾಲೆಗಳ ಶಿಕ್ಷಕರ ಜೊತೆ ಕೂತು, ಉರು ಹೊಡೆಸದ ಸಮಾಜ ವಿಜ್ಞಾನವನ್ನು ಮಾಡಿ ತೋರಿಸಿದ್ದಾರೆ.

ಪಠ್ಯಪುಸ್ತಕ ಮುಂದೆಯೂ ಬದಲಾಗುತ್ತದೆ. ಸರ್ಕಾರ ಬಂದಂತೆ ಕೆಲವು ಹೆಸರು ಬರುತ್ತವೆ, ಕೆಲವು ಹೋಗುತ್ತವೆ. ಅದನ್ನು ತಡೆಯುವ ಶಕ್ತಿ ಹತ್ತು ವರ್ಷದ ಮಗುವಿಗಿಲ್ಲ. ಆದರೆ ಕೈಗೆ ಬಂದ ಪುಟವನ್ನು ಓದಿ 'ಇದು ನಿಮಗೆ ಹೇಗೆ ಗೊತ್ತು ಸಾರ್?' ಎಂದು ಕೇಳುವ ಶಕ್ತಿಯನ್ನು ನಾವು ಕೊಡಬಹುದು. ಆ ಪ್ರಶ್ನೆಗೆ ಸಿಟ್ಟಾಗದ ಮೇಷ್ಟ್ರೂ ಬೇಕು.