ಸಂಜೆ ತರಗತಿಗೆ ಬರಲಾಗದವರು

1940ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ ಅಧ್ಯಾಪಕರೂ ನಿರಕ್ಷರಿಗಳಿಗೆ ಓದು ಬರಹ ಕಲಿಸಲು ಹೊರಟರು. ಆ ಉತ್ಸಾಹವೇ ಮುಂದೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆಯಿತು. ಸಮಿತಿಯ ಹೆಚ್ಚುಗಾರಿಕೆಯನ್ನು ನಾನು ಅದರ ತರಗತಿಗಳಿಗಿಂತ ‘ಬೆಳಕು’ ವಾರಪತ್ರಿಕೆಯಲ್ಲಿ, ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯಲ್ಲಿ, ಹಳ್ಳಿಯ ವಾಚನಾಲಯಗಳಲ್ಲಿ ಕಾಣುತ್ತೇನೆ. ಕಲಿತವರ ಕೈಗೆ ಓದಲು ಏನೂ ಸಿಗದಿದ್ದರೆ ಅಕ್ಷರ ಮರೆತುಹೋಗುತ್ತದೆಂಬುದು ಅವರಿಗೆ ಗೊತ್ತಿತ್ತು. ಇಂದು ಮನೆಗೆಲಸದ ಹೆಂಗಸರಿಗೆ ಡಿಜಿಟಲ್ ಸಾಕ್ಷರತೆ ಕಲಿಸಹೊರಡುವ ವಿಶ್ವವಿದ್ಯಾಲಯಗಳು ಈ ತಿಳಿವಳಿಕೆಯಿಂದಲೇ ಶುರುಮಾಡಬೇಕು.

ಜೊತೆಗೆ ಆ ಚಳವಳಿಯ ಮಿತಿಯನ್ನೂ ನೋಡಬೇಕು. ದುಡಿಮೆ ಮುಗಿದ ಮೇಲೆ ಪಾಠ ಎಂಬ ಕ್ರಮ ರೈತನಿಗೆ, ಗಿರಣಿಯ ಕೆಲಸಗಾರನಿಗೆ ಹೊಂದುತ್ತಿತ್ತು. ಮನೆಗೆಲಸದವಳ ಸಂಜೆ ಇನ್ನೊಬ್ಬರ ಸಿಂಕಿನ ಮುಂದೆ ಕಳೆಯುತ್ತದೆ, ರಾತ್ರಿ ತನ್ನ ಒಲೆಯ ಮುಂದೆ. ಅವಳಿಗೆ ಬಿಡುವೇನಾದರೂ ಸಿಕ್ಕರೆ ಮಧ್ಯಾಹ್ನ, ಬೆಳಗಿನ ಮನೆಗಳು ಮುಗಿದು ಸಂಜೆಯ ಮನೆಗಳು ಶುರುವಾಗುವ ನಡುವೆ. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) ಬಂತು, 1978ರಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್. ಇವುಗಳಲ್ಲೂ ಅವಳ ಮಧ್ಯಾಹ್ನಕ್ಕೆ ಜಾಗ ಸಿಕ್ಕಿದ್ದು ನನಗೆ ಕಾಣುವುದಿಲ್ಲ. ಕಾನೂನಿನ ಕಣ್ಣಿಗೂ ಅವಳು ಬಿದ್ದದ್ದು ತಡವಾಗಿ: ಕರ್ನಾಟಕದಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದ್ದು 2004ರಲ್ಲಿ.

ಈಗ ಎಲ್ಲರ ಕೈಯಲ್ಲೂ ಫೋನಿದೆ, ಮಕ್ಕಳೇ ಹೇಳಿಕೊಡುತ್ತಾರೆ, ಕಾಲೇಜಿನವರು ಯಾಕೆ ಬೇಕು ಎನ್ನುವವರಿದ್ದಾರೆ. ವಿಡಿಯೊ ನೋಡಲು ಯಾರೂ ಬೇಕಿಲ್ಲ, ನಿಜ. ಆದರೆ 2021ರ ಆಗಸ್ಟ್‌ನಲ್ಲಿ ಆರಂಭವಾದ, ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿಯನ್ನೇ ತೆಗೆದುಕೊಳ್ಳಿ. ತಾನೇ ನೋಂದಾಯಿಸಿಕೊಳ್ಳಲು ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬೇಕು, ಅದಕ್ಕೆ ಬಂದ ಓಟಿಪಿಯನ್ನು ಹೊತ್ತು ಮೀರುವ ಮೊದಲು ತುಂಬಬೇಕು. ಆಧಾರ್‌ಗೆ ಕೊಟ್ಟ ನಂಬರ್ ಗಂಡನದೋ ಮಗನದೋ ಆಗಿದ್ದರೆ, ಓಟಿಪಿ ಬರುವ ಫೋನು ಅವಳ ಕೈಯಲ್ಲೇ ಇರುವುದಿಲ್ಲ. ಅದೇ ಓಟಿಪಿಯನ್ನು ಬ್ಯಾಂಕಿನವನೆಂದು ಹೇಳಿಕೊಂಡು ಫೋನ್ ಮಾಡಿದವನಿಗೆ ಹೇಳಬಾರದು ಎಂಬುದನ್ನೂ ಅವಳು ಅರಿತಿರಬೇಕು. ಮಗ ಗುಂಡಿ ಒತ್ತಿಕೊಟ್ಟರೆ ಅವತ್ತಿನ ಕೆಲಸವಾದೀತು. ತನ್ನ ಖಾತೆಗೆ ಬಂದ ದುಡ್ಡೆಷ್ಟು, ಹೋದದ್ದೆಷ್ಟು ಎಂದು ಅವಳು ಇನ್ನೊಬ್ಬರನ್ನು ಕೇಳುವುದು ತಪ್ಪುವುದಿಲ್ಲ.

ವಿದ್ಯಾರ್ಥಿಗಳು ವರ್ಷ ವರ್ಷ ಬದಲಾಗುತ್ತಾರೆ, ಅವರನ್ನು ನೆಚ್ಚುವುದು ಹೇಗೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ವಾರದ ಶಿಬಿರ ನಡೆಸಿ, ಪ್ರಮಾಣಪತ್ರ ಹಂಚಿ, ಫೋಟೊ ತೆಗೆಸಿಕೊಂಡು ಎದ್ದು ಬಂದರೆ ಆ ಆಕ್ಷೇಪ ಗೆದ್ದಂತೆಯೇ. ಆದರೆ ಹೊರಗಿನ ಜನರ ನಡುವೆ ಮಾಡುವ ವಿಸ್ತರಣಾ ಕಾರ್ಯವನ್ನು ಬೋಧನೆ, ಸಂಶೋಧನೆಗಳ ಸಾಲಿನಲ್ಲಿ ಯುಜಿಸಿ ನಿಲ್ಲಿಸಿ ದಶಕಗಳೇ ಆಗಿವೆ. ವಿಭಾಗಗಳೂ ಅಧ್ಯಾಪಕರೂ ಅಲ್ಲೇ ಇರುತ್ತಾರೆ. ಕೆಲಸದವರ ಬಡಾವಣೆಯಲ್ಲೇ ಒಂದು ಕೋಣೆ, ಮಧ್ಯಾಹ್ನದ ಹೊತ್ತು ಅಲ್ಲೊಬ್ಬ ಅಧ್ಯಾಪಕರು, ತೊಡಕು ಬಂದ ದಿನ ಫೋನ್ ಹಿಡಿದು ಮತ್ತೆ ಹೋಗಿ ಕೇಳಬಹುದೆಂಬ ಭರವಸೆ: ಇಷ್ಟನ್ನು ವರ್ಷಾನುಗಟ್ಟಲೆ ನಡೆಸುವುದು ವಿಶ್ವವಿದ್ಯಾಲಯದ ಶಕ್ತಿಗೆ ಮೀರಿದ್ದಲ್ಲ.