581101 (ಸಂಖ್ಯೆ)

581101 ಆರು ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆ. ಇದರ ವರ್ಗಮೂಲ 762ನ್ನು ತುಸು ದಾಟುತ್ತದೆ. ಆದ್ದರಿಂದ 2ರಿಂದ 761ರವರೆಗಿನ 135 ಅವಿಭಾಜ್ಯಗಳಿಂದ ಭಾಗಿಸಿ, ಪ್ರತಿ ಸಲವೂ ಶೇಷ ಉಳಿಯುವುದನ್ನು ಕಂಡರೆ ಸಾಕು, ಬೇರೆ ಸಾಧನೆ ಬೇಡ. 2024ರಲ್ಲಿ ಪತ್ತೆಯಾದ, ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳ ಅವಿಭಾಜ್ಯದ ಮುಂದೆ ಇದು ಬಹಳ ಚಿಕ್ಕದು. ಆದರೆ ಹೈಸ್ಕೂಲಿನ ವಿದ್ಯಾರ್ಥಿ ಕಾಗದದ ಮೇಲೆ ಪೂರ್ತಿ ಪರೀಕ್ಷಿಸಬಹುದಾದ ಗಾತ್ರ ಇದರದು. ಹಾವೇರಿ ಸೀಮೆಯವರಿಗಂತೂ ಈ ಅಂಕಿಗಳ ಪರಿಚಯ ಮೊದಲೇ ಇದೆ.

1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಪದ್ಧತಿಯಲ್ಲಿ ಬ್ಯಾಡಗಿಗೆ 581106, ಹಾವೇರಿಗೆ 581110, ರಾಣೆಬೆನ್ನೂರಿಗೆ 581115 ಬಂದಿವೆ. ಮೂರೂ ಭಾಜ್ಯ ಸಂಖ್ಯೆಗಳೇ:

581106 = 2 × 3 × 96851
581110 = 2 × 5 × 58111
581115 = 3 × 5 × 19 × 2039

ಊರುಗಳಿಗೆ ಸಮಸಂಖ್ಯೆಯೋ 5ರ ಗುಣಕವೋ ಸಿಕ್ಕಿದ್ದರಿಂದ ಹೀಗಾಯಿತು ಎನ್ನುವಂತಿಲ್ಲ. 581101 ಆದ ಮೇಲೆ ಮುಂದಿನ ಅವಿಭಾಜ್ಯ ಸಿಗುವುದು 581137ಕ್ಕೇ. ನಡುವಿನ 35 ಸಂಖ್ಯೆಗಳಲ್ಲಿ ಒಂದೂ ಅವಿಭಾಜ್ಯವಲ್ಲ. ಈ ಗಾತ್ರದ ಸಂಖ್ಯೆಗಳಲ್ಲಿ ಅಕ್ಕಪಕ್ಕದ ಅವಿಭಾಜ್ಯಗಳ ಸರಾಸರಿ ಅಂತರ ಸುಮಾರು 13. ಇಲ್ಲಿರುವುದು 36. ಈ ಬಯಲಿನಲ್ಲಿ ಮೋಸಹೋಗುವುದು ಸುಲಭ. 581111 ನೋಡಲು ಅವಿಭಾಜ್ಯದಂತಿದ್ದರೂ 17ಕ್ಕೆ ಸಿಕ್ಕಿಬೀಳುತ್ತದೆ (17 × 34183). 581107 ಒಡೆಯಲು 173ರವರೆಗೆ ಹೋಗಬೇಕು. ಎಲ್ಲಕ್ಕಿಂತ ಗಟ್ಟಿಯಾದದ್ದು 581129: 691ರವರೆಗಿನ ಯಾವ ಅವಿಭಾಜ್ಯಕ್ಕೂ ಜಗ್ಗದೆ, ಕೊನೆಗೆ 701 × 829 ಎಂದು ಬಿಚ್ಚಿಕೊಳ್ಳುತ್ತದೆ.

ಮುಂದೆ ಇಷ್ಟು ದೂರ ಒಂಟಿಯಾದ ಈ ಸಂಖ್ಯೆಗೆ ಹಿಂದುಗಡೆ ಜೋಡಿಯಿದೆ. 581099 ಕೂಡ ಅವಿಭಾಜ್ಯವಾದ್ದರಿಂದ ಇವೆರಡೂ ಅವಳಿ ಅವಿಭಾಜ್ಯಗಳು. ನಡುವಿನ 581100 ಮಾತ್ರ 2, 3, 5, 13, 149 ಇಷ್ಟರಿಂದಲೂ ಭಾಗವಾಗುತ್ತದೆ. ಇಂಥ ಅವಳಿಗಳು ಅನಂತವಾಗಿವೆಯೇ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಅಂತರ 7 ಕೋಟಿಗಿಂತ ಕಡಿಮೆಯಿರುವ ಅವಿಭಾಜ್ಯ ಜೋಡಿಗಳು ಅನಂತ ಎಂದು ಯಿತಾಂಗ್ ಝಾಂಗ್ 2013ರಲ್ಲಿ ತೋರಿಸಿದ್ದು ಆ ದಾರಿಯ ದೊಡ್ಡ ಹೆಜ್ಜೆ.

581101ನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಇಂಥ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ಬಗೆಯಲ್ಲಿ ಬರೆಯಬಹುದೆಂದು ಫರ್ಮಾ ಹೇಳಿದ, ಆಯ್ಲರ್ ಸಾಧಿಸಿದ. ಇಲ್ಲಿ ಅದು 626² + 435². ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಎರಡು ಬೀಜಸಂಖ್ಯೆಗಳಿಂದ ಲಂಬಕೋನ ಆಕೃತಿ ಹುಟ್ಟಿಸುವ ಕ್ರಮ ಕೊಟ್ಟಿದ್ದಾನೆ: ವರ್ಗಗಳ ವ್ಯತ್ಯಾಸ ಒಂದು ಭುಜ, ಗುಣಲಬ್ಧದ ಇಮ್ಮಡಿ ಇನ್ನೊಂದು, ವರ್ಗಗಳ ಮೊತ್ತ ಕರ್ಣ. 626 ಮತ್ತು 435ನ್ನೇ ಬೀಜಗಳಾಗಿ ಹಿಡಿದರೆ 202651 ಮತ್ತು 544620 ಭುಜಗಳಾಗಿ, 581101 ಕರ್ಣವಾಗಿ ಬರುತ್ತದೆ.