ದಿಗಂತವೋ, ಬೆಳಕಿನ ಬಳೆಯೋ? ಅಡಕ ತಾರೆಗಳ ಅನುರಣನ ಹೇಳುವುದೆಷ್ಟು

ಕಪ್ಪುಕುಳಿಗಿಂತ ಸಾಂದ್ರವಾದ ವಸ್ತು ಇನ್ನೊಂದಿಲ್ಲ ಎಂಬ ಮಾತು ನಮ್ಮ ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಬೇರೂರಿದೆ. ಎಂ87 ಗೆಲಾಕ್ಸಿಯ ನಡುವೆ ಇರುವ ಕಪ್ಪುಕುಳಿಯನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಆ ಮಾತು ನಿಲ್ಲುವುದಿಲ್ಲ. ಅದರ ದ್ರವ್ಯರಾಶಿ ಸುಮಾರು 650 ಕೋಟಿ ಸೂರ್ಯರಷ್ಟು. ಇಷ್ಟನ್ನೂ ಅದರ ದಿಗಂತದ, ಅಂದರೆ ಬೆಳಕೂ ದಾಟಿ ಹೊರಬರಲಾರದ ಗಡಿಯ, ತ್ರಿಜ್ಯವಿರುವ ಸಾಧಾರಣ ಗೋಳವೊಂದರಲ್ಲಿ ಹರಡಿದರೆ ಘನ ಸೆಂಟಿಮೀಟರಿಗೆ ಅರ್ಧ ಮಿಲಿಗ್ರಾಮ್ ಕೂಡ ಬರುವುದಿಲ್ಲ. ನಾವು ಉಸಿರಾಡುವ ಗಾಳಿಯ ಅರ್ಧದಷ್ಟೂ ಆಗದು. (ಬಾಗಿದ ದೇಶಕಾಲದಲ್ಲಿ ‘ಘನ ಅಳತೆ’ ಎಂಬುದಕ್ಕೆ ನೇರ ಅರ್ಥವಿಲ್ಲ, ನಿಜ. ಅಂದಾಜಿಗೆ ಇಷ್ಟು ಸಾಕು.) ಅತ್ತ ಶ್ವೇತ ಕುಬ್ಜ ತಾರೆಯ ಒಂದು ಘನ ಸೆಂಟಿಮೀಟರ್ ಒಂದು ಟನ್ ತೂಗುತ್ತದೆ, ನ್ಯೂಟ್ರಾನ್ ತಾರೆಯದು ಹತ್ತಾರು ಕೋಟಿ ಟನ್. ಆದರೂ ಅವೆರಡರಿಂದಲೂ ಬೆಳಕು ಹೊರಬರುತ್ತದೆ, ಗಾಳಿಗಿಂತ ತೆಳುವಾದ ಎಂ87ರ ಕುಳಿಯಿಂದ ಬರುವುದಿಲ್ಲ. ಅಂದರೆ ಗುರುತ್ವದ ಬಿಗಿತವನ್ನು ಅಳೆಯುವ ಕೋಲು ಸಾಂದ್ರತೆಯಲ್ಲ.

ಸರಿಯಾದ ಕೋಲು ಒಂದು ಅನುಪಾತ. ಯಾವುದೇ ದ್ರವ್ಯರಾಶಿಯನ್ನು ಗುರುತ್ವ ಸ್ಥಿರಾಂಕದಿಂದ ಗುಣಿಸಿ ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಸಿಗುವುದು ಒಂದು ಉದ್ದ. ಇದನ್ನು ಆ ವಸ್ತುವಿನ ‘ಗುರುತ್ವ ಉದ್ದ’ ಎನ್ನೋಣ. ಸೂರ್ಯನಿಗೆ ಅದು 1.48 ಕಿಲೋಮೀಟರ್, ಭೂಮಿಗೆ 4.4 ಮಿಲಿಮೀಟರ್. ಗುರುತ್ವ ಉದ್ದವನ್ನು ವಸ್ತುವಿನ ನಿಜ ತ್ರಿಜ್ಯದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ನಾನು ‘ಅಡಕತೆ’ ಎಂದು ಕರೆಯುತ್ತೇನೆ. ಇಂಗ್ಲಿಷಿನ ‘ಕಾಂಪ್ಯಾಕ್ಟ್ ಸ್ಟಾರ್’ಗೆ, ಅಂದರೆ ಅಡಕ ತಾರೆಗೆ, ‘ಸಾಂದ್ರ ತಾರೆ’ ಎಂಬ ಅನುವಾದವೂ ಚಾಲ್ತಿಯಲ್ಲಿದೆ, ಆದರೆ ಮೇಲೆ ಹೇಳಿದ ಗೊಂದಲದ ಅರ್ಧ ಪಾಲು ಆ ಅನುವಾದದ್ದೇ. ಭೂಮಿಯ ಅಡಕತೆ ನೂರು ಕೋಟಿಯಲ್ಲಿ ಒಂದು ಪಾಲಿಗೂ ಕಡಿಮೆ. ಸೂರ್ಯನದು ಹತ್ತು ಲಕ್ಷದಲ್ಲಿ ಎರಡು. ಲುಬ್ಧಕದ ಜೊತೆಗಾರ ಶ್ವೇತ ಕುಬ್ಜದ್ದು ಹತ್ತು ಸಾವಿರದಲ್ಲಿ ಎರಡೂವರೆ. ಸೂರ್ಯನ 1.4 ಪಟ್ಟು ತೂಗುವ, 12 ಕಿಲೋಮೀಟರ್ ತ್ರಿಜ್ಯದ ನ್ಯೂಟ್ರಾನ್ ತಾರೆಗೆ ಬಂದರೆ ಒಮ್ಮೆಲೇ 0.17. ತಿರುಗದ ಕಪ್ಪುಕುಳಿಯದು, ಚಿಕ್ಕದಿರಲಿ ದೊಡ್ಡದಿರಲಿ, ಯಾವಾಗಲೂ 0.5. ಈ ಲೇಖನದ ಕೇಂದ್ರದಲ್ಲಿರುವುದು ಇವೆರಡರ ನಡುವಿನ ಇನ್ನೊಂದು ಸಂಖ್ಯೆ: ಮೂರನೇ ಒಂದು.

ಅಡಕತೆ ಎಂಬುದು ಬರಿಯ ಕಾಗದದ ಲೆಕ್ಕವಲ್ಲ. ತಾರೆಯ ಮೇಲ್ಮೈಯಿಂದ ಹೊರಟ ಬೆಳಕು ಗುರುತ್ವದ ಬಾವಿಯಿಂದ ಮೇಲೇರುವಾಗ ಶಕ್ತಿ ಕಳೆದುಕೊಂಡು ಕೆಂಪಿನತ್ತ ಸರಿಯುತ್ತದೆ. ಅಡಕತೆ ಕಡಿಮೆ ಇರುವಾಗ ಆ ಸರಿತ ಹೆಚ್ಚುಕಡಿಮೆ ಅಡಕತೆಯಷ್ಟೇ. ಇದನ್ನು ಮೊದಲು ಅಳೆದ ಕತೆಯಲ್ಲಿ ಸಂಶೋಧಕರೆಲ್ಲ ನೆನಪಿಡಬೇಕಾದ ಒಂದು ಪ್ರಸಂಗವಿದೆ. 1925ರಲ್ಲಿ ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕದಿಂದ ವಾಲ್ಟರ್ ಆಡಮ್ಸ್ ಲುಬ್ಧಕದ ಜೊತೆಗಾರನ ಬೆಳಕನ್ನು ಪರೀಕ್ಷಿಸಿ, ಕೆಂಪುಸರಿತವನ್ನು ಸೆಕೆಂಡಿಗೆ ಸುಮಾರು 20 ಕಿಲೋಮೀಟರ್ ವೇಗಕ್ಕೆ ಸಮವೆಂದು ಪ್ರಕಟಿಸಿದರು. ಆರ್ಥರ್ ಎಡಿಂಗ್ಟನ್ ಮೊದಲೇ ಊಹಿಸಿದ್ದೂ ಸುಮಾರು 20ನ್ನೇ. ಐನ್‌ಸ್ಟೈನ್ ಸಿದ್ಧಾಂತಕ್ಕೆ ಇನ್ನೊಂದು ಗೆಲುವು ಎಂದು ಎಲ್ಲರೂ ಒಪ್ಪಿದರು. ನಿಜವಾದ ಬೆಲೆ ಅದರ ನಾಲ್ಕು ಪಟ್ಟು. ಹಬಲ್ ದೂರದರ್ಶಕ ಮುಖ್ಯ ತಾರೆಯ ಪ್ರಖರ ಬೆಳಕಿನಿಂದ ಜೊತೆಗಾರನನ್ನು ಬೇರ್ಪಡಿಸಿ ನೋಡಿದಾಗ ಸಿಕ್ಕಿದ್ದು ಸೆಕೆಂಡಿಗೆ 80 ಕಿಲೋಮೀಟರ್. ಎಡಿಂಗ್ಟನ್ ಹಿಡಿದಿದ್ದ ತ್ರಿಜ್ಯ ತೀರ ದೊಡ್ಡದಾಗಿತ್ತು, ಆಡಮ್ಸ್ ಅಳೆದ ಬೆಳಕಿನಲ್ಲಿ ಪಕ್ಕದ ತಾರೆಯ ಬೆಳಕು ಬೆರೆತಿತ್ತು. ಎರಡು ತಪ್ಪುಗಳು ಒಂದೇ ಸಂಖ್ಯೆಯಲ್ಲಿ ಸಂಧಿಸಿದವು, ಸುಮಾರು ನಾಲ್ಕೂವರೆ ದಶಕ ಅದು ಸತ್ಯವಾಗಿಯೇ ನಡೆಯಿತು. ಅಳತೆ ನಿರೀಕ್ಷೆಯೊಂದಿಗೆ ಕೂಡಿಬಂದಾಗ ನಾವು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತೇವೆ. ಕಪ್ಪುಕುಳಿಗಳ ವಿಷಯದಲ್ಲೂ ಇಂಥ ಅಪಾಯ ಇದೆಯೇ ಎಂಬುದನ್ನು ಮುಂದೆ ನೋಡೋಣ.

ಶ್ವೇತ ಕುಬ್ಜಗಳ ದ್ರವ್ಯರಾಶಿಗೆ ಇರುವ ಚಂದ್ರಶೇಖರ್ ಮಿತಿಯ ಕತೆ ಎಲ್ಲರಿಗೂ ಗೊತ್ತು: 1930ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ 19ರ ಹುಡುಗ ಹಾಕಿದ ಲೆಕ್ಕ, ಸೂರ್ಯನ 1.44 ಪಟ್ಟಿನ ಗಡಿ, 1935ರ ಜನವರಿಯಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯಲ್ಲಿ ಎಡಿಂಗ್ಟನ್ ಅದನ್ನು ಗೇಲಿ ಮಾಡಿದ್ದು, 1983ರ ನೊಬೆಲ್. ಇಲ್ಲಿ ಮುಖ್ಯವಾದದ್ದು ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಸಂಗತಿ. ಆ ಮಿತಿ ಬರುವುದು ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗವನ್ನು ಸಮೀಪಿಸುವುದರಿಂದ. ಅಲ್ಲಿಯ ಗುರುತ್ವ ಮಾತ್ರ ಬಹುಮಟ್ಟಿಗೆ ನ್ಯೂಟನ್ನನದೇ. ಅಡಕತೆ ಅಷ್ಟು ಕಡಿಮೆ ಇರುವಲ್ಲಿ ಸಾಮಾನ್ಯ ಸಾಪೇಕ್ಷತೆಗೆ ದೊಡ್ಡ ಕೆಲಸವಿಲ್ಲ.

ನ್ಯೂಟ್ರಾನ್ ತಾರೆಯಲ್ಲಿ ಆಟದ ನಿಯಮವೇ ಬೇರೆ. ಕುಸಿಯದಂತೆ ತಾರೆಯನ್ನು ಎತ್ತಿ ಹಿಡಿಯುವುದು ಒಳಗಿನ ಒತ್ತಡ. ಐನ್‌ಸ್ಟೈನ್‌ನ ಸಮೀಕರಣಗಳಲ್ಲಿ ಒತ್ತಡವೂ ಗುರುತ್ವವನ್ನು ಹುಟ್ಟಿಸುತ್ತದೆ. ಬೀಳುತ್ತಿರುವ ಗೋಡೆಗೆ ಕೊಟ್ಟ ಆಸರೆಗಂಬವೇ ಗೋಡೆಯ ಭಾರಕ್ಕೆ ಸೇರಿಕೊಂಡಂತೆ ಇದು. ಒತ್ತಡ ಹೆಚ್ಚಿಸಿದಷ್ಟೂ ಹೊರಬೇಕಾದ ಹೊರೆ ಹೆಚ್ಚುತ್ತದೆ, ಒಂದು ಹಂತ ದಾಟಿದರೆ ಯಾವ ಒತ್ತಡವೂ ಸಾಲದು. ಎಲ್ಲೆಡೆ ಒಂದೇ ಸಾಂದ್ರತೆಯ ಗೋಳಕ್ಕೆ ಆ ಹಂತ ಅಡಕತೆ 4/9ರಲ್ಲಿ, ಅಂದರೆ 0.444ರಲ್ಲಿ, ಬರುತ್ತದೆಂದು ಕಾರ್ಲ್ ಶ್ವಾರ್ಜ್‌ಶೀಲ್ಡ್ 1916ರಲ್ಲೇ ಕಂಡಿದ್ದರು. ಕೇಂದ್ರದ ಒತ್ತಡ ಅಲ್ಲಿ ಅನಂತಕ್ಕೆ ಏರುತ್ತದೆ. ಒಳಗಿನ ದ್ರವ್ಯ ಯಾವ ಬಗೆಯದಾದರೂ, ಸಾಂದ್ರತೆ ಹೊರಗಿಂತ ಒಳಗೆ ಕಡಿಮೆಯಾಗದಿದ್ದರೆ ಸಾಕು, ಇದೇ ಗಡಿ ಅನ್ವಯಿಸುತ್ತದೆಂದು ಹಾನ್ಸ್ ಬುಕ್‌ಡಾಲ್ 1959ರಲ್ಲಿ ಸಾಧಿಸಿದರು. ಶಬ್ದದ ವೇಗ ಬೆಳಕಿನ ವೇಗವನ್ನು ಮೀರಬಾರದೆಂಬ ಸಹಜ ನಿಯಮವನ್ನೂ ಸೇರಿಸಿದರೆ ಗಡಿ ಇನ್ನಷ್ಟು ಕೆಳಗಿಳಿದು ಸುಮಾರು 0.354ಕ್ಕೆ ಬರುತ್ತದೆ. ತಾರೆಯ ತ್ರಿಜ್ಯ ಅದರ ಗುರುತ್ವ ಉದ್ದದ 2.82 ಪಟ್ಟಿಗಿಂತ ಕಡಿಮೆಯಾಗಲಾರದು ಎಂದು ಇದರ ಅರ್ಥ.

ನಿಸರ್ಗ ಎಲ್ಲಿಯವರೆಗೆ ಹೋಗಿದೆ? 2017ರಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ನೈಸರ್ ಎಂಬ ಎಕ್ಸ್-ಕಿರಣ ಉಪಕರಣ ಇದಕ್ಕೆ ಉತ್ತರ ಕೊಟ್ಟಿದೆ. ತಿರುಗುವ ನ್ಯೂಟ್ರಾನ್ ತಾರೆಯ, ಅಂದರೆ ಪಲ್ಸಾರ್‌ನ ಮೇಲಿರುವ ಬಿಸಿ ಮಚ್ಚೆ ಹಿಂಬದಿಗೆ ಸರಿದ ಮೇಲೂ, ಬಾಗಿದ ಬೆಳಕಿನ ದೆಸೆಯಿಂದ, ನಮಗೆ ಕಾಣುತ್ತಲೇ ಇರುತ್ತದೆ. ಎಷ್ಟು ಹೊತ್ತು ಕಾಣುತ್ತದೆ ಎಂಬುದರಿಂದ ಅಡಕತೆಯನ್ನು ಲೆಕ್ಕ ಹಾಕಬಹುದು. ನಿಖರವಾಗಿ ತೂಗಲಾದ ಅತಿ ಭಾರದ ಪಲ್ಸಾರ್‌ಗಳಲ್ಲೊಂದಾದ ಜೆ0740+6620ರ ದ್ರವ್ಯರಾಶಿ ಸೂರ್ಯನ 2.08 ಪಟ್ಟು. ಅದರ ತ್ರಿಜ್ಯವನ್ನು 2021ರಲ್ಲಿ ಒಂದು ತಂಡ 12.4 ಕಿಲೋಮೀಟರ್ ಎಂದೂ ಇನ್ನೊಂದು ತಂಡ 13.7 ಎಂದೂ ಪಡೆದವು. ಮೊದಲನೆಯದನ್ನೇ ಹಿಡಿದರೂ ಅಡಕತೆ 0.25. ಮೂರನೇ ಒಂದರ ಗೆರೆಗೆ ಇನ್ನೂ ದೂರವಿದೆ.

ಆ ಗೆರೆಯ ವಿಶೇಷವೇನು? ಗುರುತ್ವ ಉದ್ದದ ಮೂರು ಪಟ್ಟು ದೂರದಲ್ಲಿ ಬೆಳಕು ವೃತ್ತಾಕಾರವಾಗಿ ಸುತ್ತಬಲ್ಲುದು. ಅದು ಬೆಳಕಿನ ಬಳೆ. ಸುತ್ತಾಟ ಅಸ್ಥಿರ: ಕೂದಲೆಳೆಯಷ್ಟು ಒಳಗೆ ಸರಿದರೆ ಕುಳಿಗೆ, ಹೊರಗೆ ಸರಿದರೆ ಅನಂತಕ್ಕೆ. ಇಲ್ಲಿಗೆ ಕರ್ನಾಟಕದ ಸಂಬಂಧ ತಾನಾಗಿ ಒದಗುತ್ತದೆ. ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ, ಕನ್ನಡ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ವಿದ್ಯಾರ್ಥಿಯಾಗಿದ್ದರು. ‘ಕಪ್ಪುಕುಳಿ’ ಎಂಬ ಹೆಸರೇ ಆಗಷ್ಟೇ ಬಳಕೆಗೆ ಬರುತ್ತಿದ್ದ ಕಾಲ. ಅದನ್ನು ಅಲುಗಿಸಿದರೆ ಒಡೆದುಹೋಗುತ್ತದೆಯೋ, ಉಳಿಯುತ್ತದೆಯೋ ಎಂಬುದೂ ಇತ್ಯರ್ಥವಾಗಿರಲಿಲ್ಲ. ಉಳಿಯುತ್ತದೆಂದು ಅವರು ತೋರಿಸಿಕೊಟ್ಟರು. ಆಮೇಲೆ, 1970ರಲ್ಲಿ ‘ನೇಚರ್’ ಪತ್ರಿಕೆಯ ಪುಟ್ಟ ಲೇಖನದಲ್ಲಿ, ಕಪ್ಪುಕುಳಿಯತ್ತ ಗುರುತ್ವ ಅಲೆಯ ತುಣುಕೊಂದನ್ನು ಎಸೆದು ಹಿಂತಿರುಗಿ ಬರುವುದೇನೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಅಗಲವಾದ ತುಣುಕು ವಿಶೇಷವೇನನ್ನೂ ಹೇಳಲಿಲ್ಲ. ತುಣುಕನ್ನು ಕಿರಿದಾಗಿಸಿದಾಗ ಹಿಂದಿರುಗಿದ ಅಲೆಯ ಬಾಲದಲ್ಲಿ ಕ್ಷೀಣಿಸುತ್ತ ಹೋಗುವ ಒಂದು ಕಂಪನ ಕಂಡಿತು. ಎಸೆದದ್ದು ಏನೇ ಇರಲಿ, ಈ ಕಂಪನದ ಶ್ರುತಿ ಕುಳಿಯ ದ್ರವ್ಯರಾಶಿಯೊಂದರ ಮೇಲೇ ನಿಂತಿತ್ತು.

ಗಂಟೆಯ ಹೋಲಿಕೆ ಇಲ್ಲಿ ವಾಡಿಕೆ. ಆದರೆ ಇದು ಗುಡಿಯ ಗಂಟೆಯಲ್ಲ, ಬಟ್ಟೆ ಸುತ್ತಿದ ಗಂಟೆ: ಒಂದು ಆವರ್ತನ ಮುಗಿಯುವಷ್ಟರಲ್ಲಿ ಸದ್ದು ಐದನೇ ಒಂದಕ್ಕೆ ಇಳಿದಿರುತ್ತದೆ. ಸೂರ್ಯನ ಹತ್ತು ಪಟ್ಟಿನ, ತಿರುಗದ ಕುಳಿಯ ಶ್ರುತಿ ಸುಮಾರು 1200 ಹರ್ಟ್ಸ್, ಆಯುಸ್ಸು ಅರ್ಧ ಮಿಲಿಸೆಕೆಂಡು. ಈ ಸದ್ದು ಹುಟ್ಟುವುದೆಲ್ಲಿ ಎಂಬುದನ್ನು 1972ರಲ್ಲಿ ಭೌತವಿಜ್ಞಾನಿ ಗೋಬೆಲ್ ಗುರುತಿಸಿದರು: ಬೆಳಕಿನ ಬಳೆಯಲ್ಲಿ ಸುತ್ತುತ್ತ ಮೆಲ್ಲಗೆ ಸೋರಿಹೋಗುವ ಅಲೆಗಳೇ ಈ ಅನುರಣನ. ಬಳೆಯ ಸುತ್ತುವೇಗದಿಂದ ಅಂದಾಜಿಸಿದ ಶ್ರುತಿಗೂ ನಿಖರ ಲೆಕ್ಕಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಮೂರು ಮಾತ್ರ. ಹಾಗಾದರೆ ಗಂಟೆ ಇರುವುದು ಅಡಕತೆ ಮೂರನೇ ಒಂದರ ಗೆರೆಯಲ್ಲಿ, ಅರ್ಧದ ಗೆರೆಯಲ್ಲಲ್ಲ. ದಿಗಂತ ಅದರ ಒಳಗೆ, ಕತ್ತಲಲ್ಲಿ, ಸುಮ್ಮನಿದೆ.

ಇದರ ಪರಿಣಾಮವನ್ನು ಮೊದಲೇ ಮನಗಂಡವರಲ್ಲಿ ವಿಶ್ವೇಶ್ವರರೂ ಒಬ್ಬರು ಎಂಬುದು ನನ್ನ ಓದು. 1985ರಲ್ಲಿ ಬಾಲ ಅಯ್ಯರ್ ಮತ್ತು ಸಂಜೀವ ಧುರಂಧರ್ ಅವರೊಂದಿಗೆ ಬರೆದ ಪ್ರಬಂಧದಲ್ಲಿ ಅವರು ಕೈಗೆತ್ತಿಕೊಂಡದ್ದು ತನ್ನದೇ ಬೆಳಕಿನ ಬಳೆಗಿಂತ ಚಿಕ್ಕದಾದ ತಾರೆಯನ್ನು. ಅಂಥ ‘ಅತಿ ಅಡಕ’ ತಾರೆ ಇರಬಲ್ಲುದಾದರೆ ಅದಕ್ಕೂ ಬಳೆ ಇರುತ್ತದೆ. ಬಳೆಯಿದ್ದರೆ ಮೊದಲ ಅನುರಣನ ಕಪ್ಪುಕುಳಿಯದರಂತೆಯೇ ಕೇಳುತ್ತದೆ. 1991ರಲ್ಲಿ ಚಂದ್ರಶೇಖರ್, ವಲೇರಿಯಾ ಫೆರಾರಿ ಅವರೊಂದಿಗೆ, ಇಂಥ ತಾರೆಯೊಳಗೆ ಗುರುತ್ವ ಅಲೆಗಳು ಸಿಕ್ಕಿಹಾಕಿಕೊಂಡು ದೀರ್ಘಕಾಲ ಅನುರಣಿಸುವುದನ್ನು ತೋರಿಸಿದರು. ಹಡಗಿನಲ್ಲಿ ಲೆಕ್ಕ ಹಾಕಿದ್ದ ಹುಡುಗ ಎಂಬತ್ತರ ವಯಸ್ಸಿನಲ್ಲಿ ಅಡಕತೆಯ ಇನ್ನೊಂದು ತುದಿಗೆ ಬಂದಿದ್ದರು.

2015ರ ಸೆಪ್ಟೆಂಬರ್ 14ರಂದು ಲೈಗೋ ಪತ್ತೆಯಂತ್ರ ಮೊದಲ ಗುರುತ್ವ ಅಲೆಯನ್ನು ಹಿಡಿಯಿತು. ಸೂರ್ಯನ 36 ಮತ್ತು 29 ಪಟ್ಟಿನ ಎರಡು ಕುಳಿಗಳು ಕೂಡಿ 62 ಪಟ್ಟಿನ ಒಂದಾದವು, ಮೂರು ಸೂರ್ಯರಷ್ಟು ದ್ರವ್ಯರಾಶಿ ಅಲೆಯಾಗಿ ಹೋಯಿತು. ಕೊನೆಯಲ್ಲಿ ಸುಮಾರು 250 ಹರ್ಟ್ಸ್‌ನ, ನಾಲ್ಕು ಮಿಲಿಸೆಕೆಂಡಿನಲ್ಲಿ ಅಡಗುವ ಅನುರಣನ. 46 ವರ್ಷ ಹಿಂದಿನ ಲೆಕ್ಕ ನಿಜವಾದುದರ ಸುದ್ದಿಯನ್ನು 2016ರ ಫೆಬ್ರುವರಿಯಲ್ಲಿ ಕೇಳಲು ವಿಶ್ವೇಶ್ವರ ಇದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ದಿಗಂತಕ್ಕೇ ಪುರಾವೆ ಸಿಕ್ಕಿತೆಂದು ಬರೆದವರು ಹಲವರು. ಆದರೆ 2016ರಲ್ಲೇ ಕಾರ್ಡೋಸೊ, ಫ್ರಾಂಜಿನ್, ಪಾನಿ ಎಂಬ ಮೂವರು ಸಂಶೋಧಕರು ಎಚ್ಚರಿಸಿದರು: ಕೇಳಿಸಿದ್ದು ಬೆಳಕಿನ ಬಳೆ, ದಿಗಂತವಲ್ಲ. ಒಳಗೊಂದು ಗಟ್ಟಿ ಮೇಲ್ಮೈ ಇದ್ದರೆ, ಬಳೆಗೂ ಆ ಮೇಲ್ಮೈಗೂ ನಡುವೆ ಅಲೆ ಹೋಗಿಬರುತ್ತ ತಡವಾಗಿ ಮಾರ್ದನಿಗಳನ್ನು ಕಳಿಸಬೇಕು. ಎಂ87ರ ಕುಳಿಯ, 2019ರಲ್ಲಿ ಪ್ರಕಟವಾದ ಚಿತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆ ಕಪ್ಪು ನೆರಳಿನ ಅಂಚನ್ನು ತೀರ್ಮಾನಿಸುವುದು ಬಳೆಯೇ.

ಮಾರ್ದನಿ ಕೇಳಿಸಿತೇ? ಅಬೇದಿ, ಡೈಕಾರ್, ಅಫ್ಶೋರ್ದಿ ಅವರು ಮೊದಲ ಸಂಕೇತದಲ್ಲಿ ಸುಮಾರು 0.3 ಸೆಕೆಂಡಿಗೊಮ್ಮೆ ಬರುವ ಮಾರ್ದನಿಯ ಸುಳಿವಿದೆ ಎಂದರು. ಲೈಗೋ-ವರ್ಗೋ ತಂಡದ ನಂತರದ ಹುಡುಕಾಟಗಳಲ್ಲಿ ಅದಕ್ಕೆ ಪುಷ್ಟಿ ಸಿಗಲಿಲ್ಲ. ಆದರೂ ಆ ಲೆಕ್ಕದ ಒಂದು ಗುಣ ನನ್ನನ್ನು ಬೆರಗಾಗಿಸುತ್ತದೆ: ಮೇಲ್ಮೈ ದಿಗಂತಕ್ಕೆ ಎಷ್ಟೇ ಹತ್ತಿರವಿರಲಿ, ಮಾರ್ದನಿಯ ವಿಳಂಬ ಆ ಅಂತರದ ಲಾಗರಿದಮ್‌ನಂತೆ ಮಾತ್ರ ಬೆಳೆಯುತ್ತದೆ. ಆದ್ದರಿಂದಲೇ ಕಲ್ಪಿಸಲಾಗದಷ್ಟು ಸಣ್ಣ ಅಂತರವೂ ಸೆಕೆಂಡಿನ ಭಾಗಗಳಲ್ಲಿ ಪತ್ತೆಯಾಗಬಹುದು. 2025ರ ಜನವರಿ 14ರ ಸಂಕೇತ ಮೊದಲನೆಯದಕ್ಕಿಂತ ಸುಮಾರು ಮೂರು ಪಟ್ಟು ಸ್ಪಷ್ಟವಾಗಿತ್ತು. ಅದರ ಅನುರಣನದಲ್ಲಿ ಎರಡು ಸ್ವರಗಳು ಬೇರೆಬೇರೆಯಾಗಿ ಸಿಕ್ಕವು, ಎರಡೂ ತಿರುಗುವ ಕಪ್ಪುಕುಳಿಯ ಲೆಕ್ಕಕ್ಕೆ ಹೊಂದಿದವು. ಬಳೆಯ ಬಗ್ಗೆ ನಮ್ಮ ಅರಿವು ಹರಿತವಾಗಿದೆ, ದಿಗಂತದ ಬಗ್ಗೆ ಮಾತ್ರ ಅದೇ ಹರಿತದಿಂದ ಹೇಳಲಾಗದು.

ಹಾಗೆಂದು ಕಪ್ಪುಕುಳಿಗಳಿಲ್ಲ ಎನ್ನುವ ಪಕ್ಷ ನನ್ನದಲ್ಲ. ದಿಗಂತವಿಲ್ಲದ ಅತಿ ಅಡಕ ವಸ್ತುವಿಗೆ ಅಸ್ಥಿರ ಬಳೆಯ ಒಳಗೆ ಇನ್ನೊಂದು, ಸ್ಥಿರವಾದ ಬಳೆ ಅನಿವಾರ್ಯ. ಅಲ್ಲಿ ಶಕ್ತಿ ಸೋರದೆ ಜಮಾಯಿಸುತ್ತ ಹೋಗಿ ವಸ್ತುವನ್ನೇ ಕೆಡಿಸಬಹುದು ಎಂಬ ವಾದ ಬಲವಾಗಿದೆ. ಮೇಲಾಗಿ, ಸಹಜ ದ್ರವ್ಯಕ್ಕೆ ಇರುವ ಕಿಂಡಿ ತೀರ ಕಿರಿದು: ತ್ರಿಜ್ಯ ಗುರುತ್ವ ಉದ್ದದ 3 ಪಟ್ಟಿಗಿಂತ ಕಡಿಮೆಯಾಗಬೇಕು, 2.82 ಪಟ್ಟಿಗಿಂತ ಕಡಿಮೆಯಾಗಬಾರದು. ನಮಗೆ ಗೊತ್ತಿರುವ ಭಾರದ ಪಲ್ಸಾರ್ 4ರ ಆಸುಪಾಸಿನಲ್ಲಿ ನಿಂತಿದೆ.

ಆ ಕಿಂಡಿಯತ್ತ ಇಣುಕಲು ಅವಕಾಶವಿರುವುದು ನ್ಯೂಟ್ರಾನ್ ತಾರೆಗಳ ಡಿಕ್ಕಿಯಲ್ಲಿ. 2017ರ ಆಗಸ್ಟ್ 17ರಂದು, 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993ರಿಂದ ಅಂಥ ಡಿಕ್ಕಿಯ ಅಲೆ ಬಂತು, 1.7 ಸೆಕೆಂಡಿನ ಮೇಲೆ ಗಾಮಾ ಕಿರಣಗಳು ಬಂದವು. ತಾರೆಗಳು ಸುತ್ತುತ್ತ ಹತ್ತಿರವಾಗುವಾಗ ಒಂದನ್ನೊಂದು ಎಷ್ಟು ಹಿಗ್ಗಿಸಿದವು ಎಂಬುದು ಅಲೆಯ ಲಯದಲ್ಲಿ ಅಡಗಿತ್ತು, ಅದರಿಂದ ತ್ರಿಜ್ಯ ಹನ್ನೆರಡು ಕಿಲೋಮೀಟರಿನ ಸುತ್ತಮುತ್ತ ಎಂದು ತಿಳಿಯಿತು. ಈ ಲಯವನ್ನು ಓದಲು ಬೇಕಾದ ಗಣಿತದ ಒಂದು ಮುಖ್ಯ ಭಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬಾಲ ಅಯ್ಯರ್ ಮತ್ತು ಅವರ ಫ್ರೆಂಚ್ ಸಹೋದ್ಯೋಗಿಗಳ ಕೈಕೆಲಸ. ಆದರೆ ಡಿಕ್ಕಿಯಾದ ಮರುಕ್ಷಣದ ಕತೆ ಕೇಳಲಿಲ್ಲ. ಕೂಡಿ ಆದ ತಾರೆ ಕುಸಿಯುವ ಮುನ್ನ ಮಿಲಿಸೆಕೆಂಡುಗಳ ಕಾಲ ಕಂಪಿಸಿದ್ದರೆ ಆ ಸದ್ದು ಇರಬೇಕಾದದ್ದು 2000ದಿಂದ 4000 ಹರ್ಟ್ಸ್ ನಡುವೆ. ಈಗಿನ ಪತ್ತೆಯಂತ್ರಗಳಲ್ಲಿ ಲೇಸರ್‌ನ ಕ್ವಾಂಟಮ್ ಗದ್ದಲ ಎಲ್ಲವನ್ನೂ ಮುಚ್ಚಿಹಾಕುವುದು ಅದೇ ಪಟ್ಟಿಯಲ್ಲಿ.